ತಗಡಕ್ಕ ಬಡಿದ ಮಡ್‌ಗಾರ್ಡ್

ತಗಡಕ್ಕ ಸುತ್ತಿಗೆ ಎತ್ತಿದರೆ ಏಳು ಬೀದಿಯ ನಾಯಿಗಳು ಬಾಲ ಮುದುರುತ್ತಿದ್ದವು. ಅವಳ ಶೆಡ್ಡಿಗೆ ಬಂದಿದ್ದ ಕಾರೂ ಸಾಮಾನ್ಯದ್ದಲ್ಲ, ಮಹಾಯುದ್ಧಕ್ಕೂ ಮೊದಲಿನದು. ಬಾನೆಟ್ಟು ಎಷ್ಟು ಉದ್ದವೆಂದರೆ, ಮುಂದಿನ ದೀಪ ಊರು ಸೇರಿ ಊಟ ಮುಗಿಸಿ ಒಂದು ನಿದ್ದೆ ತೆಗೆದ ಮೇಲೆ ಹಿಂದಿನ ಚಕ್ರ ಬರುತ್ತಿತ್ತು. ಆ ಕಾಲದಲ್ಲಿ ಕಂಪನಿಯವರು ಎಂಜಿನ್ನು, ಚಕ್ರದ ಮೇಲಿನ ಬರೀ ಚಾಸಿ ಕೊಟ್ಟು ಸುಮ್ಮನಾಗುತ್ತಿದ್ದರು. ಕೊಂಡವರ ಮನಸ್ಸಿಗೆ ಒಪ್ಪುವಂಥ ಮೈಯನ್ನು ಮರದ ಚೌಕಟ್ಟಿನ ಮೇಲೆ ತಗಡು ಬಡಿದು ಕಟ್ಟುವವರೇ ಬೇರೆ ಇದ್ದರು.

ಎಡಗಡೆಯ ಮುಂದಿನ ಮಡ್‌ಗಾರ್ಡ್ ತುಕ್ಕು ತಿಂದು ಜರಡಿಯಾಗಿತ್ತು. "ಶನಿವಾರ ಸಂಜೆಯೊಳಗೆ ಹೊಸದು ಕೂರದಿದ್ರೆ ಇಡೀ ಮೈ ಕಿತ್ತು ಫೈಬರ್ ಹಾಕಿಸಿಬಿಡ್ತೀನಿ" ಎಂದಿದ್ದರು ಮಾಲೀಕರಾದ ಡಾಕ್ಟರು. ಅಂಥ ಮೈ ಗುಜರಿಗೆ ಹೋಗುವುದನ್ನು ನೆನೆದರೇ ತಗಡಕ್ಕನ ಎದೆಗೆ ಮೊಳೆ ಹೊಡೆದಂತಾಗುತ್ತಿತ್ತು.

ಬಲಗಡೆಯದರ ಅಚ್ಚನ್ನು ರಟ್ಟಿನಲ್ಲಿ ತೆಗೆದು, ಅದನ್ನೇ ಮಗುಚಿ ಎಡಕ್ಕೆ ನಾಲ್ಕು ದಿನ ಬಡಿದಳು. ಶುಕ್ರವಾರ ಬೆಳಿಗ್ಗೆ ಕೂರಿಸಿ ನೋಡಿದರೆ ಬಾಗಿಲ ಹತ್ತಿರ ಹೆಬ್ಬೆರಳು ತೂರುವಷ್ಟು ಸಂದು!

ಬಣ್ಣ ಹೊಡೆಯುವ ಅವಳ ತಮ್ಮ ಕಿಸಕ್ಕನೆ ನಕ್ಕ. "ಸಂದಿಗೆ ಪುಟ್ಟಿ ಮೆತ್ತಕ್ಕಾ. ಮೇಲೆ ನಾನು ಬಣ್ಣ ಹೊಡೆದ್ರೆ ಬ್ರಹ್ಮನಿಗೂ ಗೊತ್ತಾಗಲ್ಲ."

"ಬ್ರಹ್ಮ ಯಾವತ್ತು ತಗಡು ಬಡಿದಿದ್ದಾನೋ? ಬಾಯಿ ಮುಚ್ಕೊಂಡು ಪಕ್ಕಕ್ಕೆ ಸರಿ."

ಕಣ್ಣು ಮುಚ್ಚಿ ಕಾರಿನ ಮೈಯನ್ನು ಆ ಬಾಗಿಲಿಂದ ಈ ಬಾಗಿಲಿನವರೆಗೆ ಅಂಗೈಯಿಂದ ಸವರಿದಳು. ಬಲಕ್ಕಿಂತ ಎಡ ಮಗ್ಗುಲೇ ಬೆರಳಗಲ ಉಬ್ಬಿತ್ತು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಆ ಕಾಲದಲ್ಲಿ ಎಡಕ್ಕೆ ಬಡಿದೋನೇ ಬೇರೆ, ಬಲಕ್ಕೆ ಬಡಿದೋನೇ ಬೇರೆ ಕಣೋ. ಇಬ್ಬರ ಕೈ ಒಂದೇ ಥರ ಇರುತ್ತಾ? ಒಬ್ಬನ ಚಪ್ಪಲಿ ಅಳತೇಲಿ ಇನ್ನೊಬ್ಬನಿಗೆ ಹೊಲಿದುಬಿಟ್ಟೆ!"

ರಟ್ಟು ಹರಿದು ಬಿಸಾಕಿದಳು. ಈ ಸಲ ಎಡ ಬಾಗಿಲಿನಿಂದಲೇ ಅಳತೆ ತೆಗೆದು, ಹೊಸ ತಗಡನ್ನು ಮರಳುಚೀಲದ ಮೇಲಿಟ್ಟು ಶುರು ಹಚ್ಚಿದಳು. ನಾಲ್ಕು ದಿನದ ಕೆಲಸ ಒಂದೂವರೆ ದಿನಕ್ಕೆ! ತಗಡು ಹಿಡಿದು ಹಿಡಿದು ತಮ್ಮನ ಹಲ್ಲುಗಳೇ ತಾಳ ಹಾಕತೊಡಗಿದವು.

"ಅಕ್ಕಾ, ಸ್ವಲ್ಪ ಉಸಿರಾಡಕ್ಕಾದ್ರೂ ಬಿಡೇ."

"ಡಾಕ್ಟರು ಬರ್ತಾರಲ್ಲ, ಆಗ ಆಡು. ಹಿಡ್ಕೋ!"

ಶನಿವಾರ ಸಂಜೆ ಡಾಕ್ಟರ ಎದುರಿಗೇ ಬೋಲ್ಟುಗಳು ಬೆಣ್ಣೆಗೆ ಬೆರಳಿಟ್ಟಂತೆ ಇಳಿದವು. ಡಾಕ್ಟರು ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು. "ಎಡಗೆನ್ನೆ ಊದಿದ ಹಾಗಿದೆಯಲ್ಲಮ್ಮ?"

"ಹುಟ್ಟಿದಾಗಿನಿಂದ ಹಾಗೇ ಇದೆ ಸಾರ್. ನಾಡಿ ಹಿಡಿಯೋ ಕೈ ನಿಮ್ಮದು, ಮುಟ್ಟಿ ಹೇಳಿ."

ಮಡ್‌ಗಾರ್ಡಿನಿಂದ ಬಾಗಿಲಿಗೆ ಅವರ ಬೆರಳು ಎಲ್ಲೂ ತಡೆಯದೆ ಜಾರಿತು. ನಂಬಿಕೆಯಾಗದೆ ಇನ್ನೊಮ್ಮೆ ಸವರಿದರು.

"ಫೈಬರಿನವನಿಗೆ ಬರಬೇಡ ಅಂತ ಹೇಳಿಬಿಡ್ತೀನಿ" ಎಂದು ಅವರು ತಲೆ ಎತ್ತುವಷ್ಟರಲ್ಲಿ ತಗಡಕ್ಕ ತುಕ್ಕು ಹತ್ತಿದ್ದ ಹಿಂದಿನ ಮಡ್‌ಗಾರ್ಡನ್ನೂ ಬಿಚ್ಚಲು ಸ್ಪ್ಯಾನರ್ ಹಾಕಿಯಾಗಿತ್ತು.