ಮೂವತ್ತು ಕೆಟ್ಟ ಗಾದಿಗಳು

ಗಾದಿ ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. ಬೀದಿಯವರೆಲ್ಲ ಅವನನ್ನು ಗಾದಿಯಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹೆಂಡತಿಯ ನಾಲಿಗೆಗೂ ಅಪರೂಪವಾಗಿತ್ತು. ಗಿರಾಕಿ ಅಂಗಡಿಯ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಸೊಂಟ ಯಾವ ಕಡೆ ವಾಲುತ್ತದೆ, ಯಾವ ಮಂಡಿ ಸವೆದಿದೆ ಎಂಬುದು ಗಾದಿಯಪ್ಪನಿಗೆ ತಿಳಿದುಬಿಡುತ್ತಿತ್ತು. ಹೊಲಿದು ಮುಗಿದ ಗಾದಿಯನ್ನು ಮುಷ್ಟಿಯಿಂದ ಒತ್ತಿ, ಕೈ ತೆಗೆದು, ಮನಸ್ಸಿನಲ್ಲೇ ಎಣಿಸುತ್ತಿದ್ದ. ಎರಡಕ್ಕೆ ಗಾದಿ ಉಬ್ಬಿ ಎದ್ದರೆ ಮುಂಗೋಪಿ, ಆರಕ್ಕೆ ಎದ್ದರೆ ಸೋಮಾರಿ, ನಾಲ್ಕಕ್ಕೆ ಎದ್ದರೆ ಸಜ್ಜನ. ಸಜ್ಜನನಾಗದ ಗಾದಿ ಆ ಅಂಗಡಿಯ ಹೊಸ್ತಿಲು ದಾಟಿದ್ದಿಲ್ಲ.

ಹೀಗೆ ಐವತ್ತೆರಡು ವರ್ಷ ಹತ್ತಿಯಲ್ಲೇ ಕಳೆದುಹೋದವು. ಕಳೆದುದು ಅವನಿಗೆ ಗೊತ್ತಾದದ್ದು ಅಣ್ಣ ಸಾಯುವ ದಿನ.

ಅಣ್ಣ ಮಧ್ಯಾಹ್ನ ಆಸ್ಪತ್ರೆಯ ಮಂಚದ ಮೇಲೆ ಮಲಗಿ, ತಮ್ಮನ ಕೈ ಹಿಡಿದು, "ಅಮ್ಮ ಹೇಳ್ತಿದ್ಳಲ್ಲೋ, ಆ ನಲವತ್ತು ಸಾಲು, ಅದನ್ನೊಂದ್ಸಲ ಹೇಳೋ," ಎಂದ. ತಾಯಿ ದಿನಾ ಬೆಳಿಗ್ಗೆ ಕಸ ಗುಡಿಸುತ್ತ ಹೇಳಿಕೊಳ್ಳುತ್ತಿದ್ದ ಪದ್ಯ ಅದು. ಗಾದಿಯಪ್ಪ ಬಾಯಿ ತೆರೆದ. ಒಳಗೆ ಒಂದು ಅಕ್ಷರವೂ ಇರಲಿಲ್ಲ. ಆದರೆ ಹಾಸಿಗೆಯ ಎಡ ಮಗ್ಗುಲು ಕುಸಿದಿರುವುದು ಮಾತ್ರ ಕಣ್ಣಿಗೆ ಬಿತ್ತು. ಪದ್ಯದ ಬದಲು ಹಾಸಿಗೆಯ ಕೆಳಗೆ ಕೈ ಹಾಕಿ, ಗಂಟು ಬಿಡಿಸಿ, ಹರಡಿ, ಸಮ ಮಾಡಿದ. "ಹಾಂ, ಈಗ ಹಾಯಾಯ್ತು," ಎಂದು ಅಣ್ಣ ಕಣ್ಣು ಮುಚ್ಚಿದ. ಮತ್ತೆ ತೆರೆಯಲಿಲ್ಲ.

ನೆಂಟರೆಲ್ಲ, ಎಂಥ ತಮ್ಮ, ಕೊನೆ ಗಳಿಗೆಯಲ್ಲೂ ಅಣ್ಣನ ಮೈಯ ಸುಖ ನೋಡಿದ ಎಂದು ಹೊಗಳಿದರು. ಆ ಹೊಗಳಿಕೆ ಗಾದಿಯಪ್ಪನಿಗೆ ಮುಳ್ಳಿನಂತೆ ಚುಚ್ಚಿತು. ನಾಳೆ ತನ್ನ ಸರದಿ ಬಂದಾಗ ಒಳಗೆ ಹತ್ತಿ ಬಿಟ್ಟು ಬೇರೇನಾದರೂ ಇರಬೇಡವೆ?

"ಇನ್ಮೇಲೆ ಬೆಳಿಗ್ಗೆ ಒಂದು ಗಂಟೆ ದೇವರಿಗೆ," ಎಂದು ಹೆಂಡತಿಯ ಮುಂದೆ ಘೋಷಿಸಿದ. "ಆ ನಲವತ್ತೂ ಸಾಲು ಬಾಯಿಗೆ ಬರೋವರೆಗೂ ಬಿಡಲ್ಲ."

"ದೇವರಿಗೆ ಮೊದಲೇ ಹೇಳಿಡಿ," ಎಂದಳು ಹೆಂಡತಿ. "ಪಾಪ, ಕಾದು ಕೂತಾನು."

ಎರಡು ಬೀದಿ ಆಚೆ, ಹಳೆಯ ಉಗ್ರಾಣದ ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ. ನಿವೃತ್ತರಾದ ಮೇಷ್ಟ್ರೊಬ್ಬರು ಅಲ್ಲಿ ದಿನವೂ ಬೆಳಕು ಹರಿಯುವ ಹೊತ್ತಿಗೆ ಅರ್ಧ ಗಂಟೆ ಮೌನವಾಗಿ ಕೂರಿಸಿ, ಇನ್ನರ್ಧ ಗಂಟೆ ಪದ್ಯ ಹೇಳುತ್ತಿದ್ದರು. ಅಮ್ಮನ ಪದ್ಯವೂ ಅವರಿಗೆ ಬರುತ್ತಿತ್ತು. ನಿಧಾನದ ದನಿ, ಒಂದು ಸಾಲು ಹೇಳಿ, ಅದು ಕೇಳುವವರ ಮೈಯೊಳಗೆ ಇಳಿಯಲೆಂದು ಕಾಯುತ್ತಿದ್ದರು.

ಆದರೆ ಗಾದಿಯಪ್ಪನೊಳಗೆ ಏನೂ ಇಳಿಯಲಿಲ್ಲ. ಕೂತವರ ಕೆಳಗಿದ್ದದ್ದು ಸವೆದು ಜಾಳಾದ ಚಾಪೆ. ಮುಂದಿನ ಸಾಲಿನ ಮುದುಕಿಯ ಪಾದ ಜೋಮು ಹಿಡಿಯುತ್ತಿತ್ತು, ಪಕ್ಕದ ಅಂಚೆಯವನು ಆರು ಸಲ ಕಾಲು ಬದಲಿಸಿದ. ಮೇಷ್ಟ್ರು ಹನ್ನೆರಡನೆಯ ಸಾಲಿಗೆ ಬಂದಾಗ ಗಾದಿಯಪ್ಪ ಕಣ್ಣು ಮುಚ್ಚಿ, ಭಕ್ತಿಯಿಂದ, ಮೂವತ್ತು ಜನಕ್ಕೆ ಎಷ್ಟು ಹತ್ತಿ ಬೇಕೆಂದು ಲೆಕ್ಕ ಹಾಕುತ್ತಿದ್ದ. ಇದೊಂದು ಮುಗಿಸಿಬಿಟ್ಟರೆ ಆಮೇಲೆ ನೆಮ್ಮದಿಯಾಗಿ ಕೇಳಬಹುದು ಎಂದು ತನಗೆ ತಾನೇ ಹೇಳಿಕೊಂಡ.

ಎರಡು ವಾರ ಮೌನಕ್ಕೆ ಚಕ್ಕರ್ ಹೊಡೆದು, ಬೆಳಗಿನ ಹೊತ್ತೆಲ್ಲ ಹೊಲಿದು, ಕೂರಲು ಮೂವತ್ತು ಗಾದಿಗಳನ್ನು ಸೇವೆಯೆಂದು ತಂದು ಹಾಸಿದ. ಮೂವತ್ತೂ ಸಜ್ಜನರೇ. ಚಾಪೆಗಳನ್ನು ಅಂದೇ ಸುಟ್ಟರು.

ಮೊದಲ ದಿನ ಎಲ್ಲರ ಮುಖದಲ್ಲೂ ಎಂದೂ ಕಾಣದ ಶಾಂತಿ. ಎರಡನೆಯ ದಿನ ಅಂಚೆಯವನ ಗಲ್ಲ ಎದೆಗೆ ತಾಗಿತು. ನಾಲ್ಕನೆಯ ದಿನ ಮುದುಕಿ ಗೊರಕೆ ಹೊಡೆದಳು. ವಾರ ಕಳೆಯುವಷ್ಟರಲ್ಲಿ ಕೋಣೆ ತುಂಬಿ ಹೋಯಿತು. ಮನೆಯಲ್ಲಿ ನಿದ್ದೆ ಬಾರದವರೆಲ್ಲ ಮೌನ ಹುಡುಕಿಕೊಂಡು ಬಂದರು. ಮೇಷ್ಟ್ರು ನಲವತ್ತೂ ಸಾಲನ್ನು ಗೋಡೆಗೆ ಹೇಳಿ ಮುಗಿಸುವಂತಾಯಿತು.

ಆ ದಿನ ಎಲ್ಲರೂ ಆಕಳಿಸುತ್ತ ಹೋದ ಮೇಲೆ ಮೇಷ್ಟ್ರು ಗಾದಿಯಪ್ಪನನ್ನು ಕರೆದರು.

"ಇವು ತುಂಬಾ ಚೆನ್ನಾಗಿವೆಯಪ್ಪಾ."

"ಏನೋ ನಿಮ್ಮ ಆಶೀರ್ವಾದ."

"ನಾನು ಹೊಗಳ್ತಿಲ್ಲ, ದೂರು ಹೇಳ್ತಿದೀನಿ. ನಿನ್ನೆ ನಾನೇ ನಿದ್ದೆ ಹೋಗಿದ್ದೆ, ಯಾರೂ ನೋಡಲಿಲ್ಲ ಅಷ್ಟೆ. ನೋಡೋಕೆ ಯಾರಾದ್ರೂ ಎದ್ದಿರಬೇಕಲ್ಲ!" ಅವರು ಒಂದು ಗಾದಿಯನ್ನು ತಟ್ಟಿದರು. "ಇವನ್ನ ಕೆಡಿಸಿಕೊಡಿ. ಗಂಟು ಹಾಕಿ, ಸೊಟ್ಟ ಹೊಲಿಯಿರಿ. ಪದ್ಯ ಬಾಯಿಗೆ ಬರೋದು ಹಾಗಿರಲಿ, ನಿಮಗೆ ಸದ್ಯಕ್ಕೆ ಇದೇ ಸಾಧನೆ."

ಮನೆ ತೊರೆ ಎಂದಿದ್ದರೆ ಯೋಚಿಸುತ್ತಿದ್ದ. ಅನ್ನ ನೀರು ಬಿಡು ಎಂದಿದ್ದರೂ ಒಂದೆರಡು ದಿನ ನೋಡುತ್ತಿದ್ದ. ಕೆಟ್ಟ ಗಾದಿ ಹೊಲಿ ಎಂದರೆ? ಗಾದಿಯಪ್ಪನ ಜೀವ ಬಾಯಿಗೆ ಬಂತು.

ಮೊದಲ ಗಾದಿ ಬಿಚ್ಚಿ ಹತ್ತಿಯಲ್ಲಿ ಗಂಟು ಉಳಿಸಿದ. ಹೆಂಡತಿಯೊಡನೆ ಮಾತಾಡುತ್ತಿರುವಾಗ ಬೆರಳು ತಾನೇ ಹೋಗಿ ಗಂಟು ಬಿಡಿಸಿಬಿಟ್ಟಿತು. ಕಣ್ಣು ಮುಚ್ಚಿ ಹೊಲಿದ. ಹೊಲಿಗೆ ನೇರ ಬಂತು. ಎಡಗೈಯಲ್ಲಿ ಹೊಲಿದ, ಅದೂ ನೋಡುವಂತಿತ್ತು. ಕೊನೆಗೆ ಮಗಳ ಕೈಗೆ ಕೊಟ್ಟ. ಅವಳು ಹೊಲಿದದ್ದನ್ನು ನೋಡಿ, "ಛೀ, ಇದೇನು ಹೊಲಿಗೇನಾ?" ಎಂದು ಬಿಚ್ಚಿಹಾಕಿದ.

"ಅಪ್ಪಾ, ನೀವು ಕೇಳಿದ್ದೇ ಕೆಟ್ಟದ್ದು!"

"ಕೆಟ್ಟದ್ದಕ್ಕೂ ಒಂದು ಮರ್ಯಾದೆ ಬೇಡ್ವೇನೇ?"

ಆ ಮಾತು ಬಾಯಿಂದ ಬಿದ್ದದ್ದೇ ತಡ, ಅವನ ಕಣ್ಣು ಹೊಳೆಯಿತು. ಹೌದು, ಸುಮ್ಮನೆ ಕೆಟ್ಟದ್ದಾದರೆ ಜನ ಎದ್ದು ಹೋಗುತ್ತಾರೆ. ಎದ್ದು ಹೋಗಬಾರದು, ಮಲಗಲೂ ಬಾರದು. ತೆಂಗಿನ ನಾರನ್ನು ಕಡಲೆ ಗಾತ್ರದ ಉಂಡೆ ಮಾಡಿ, ಬೆನ್ನು ಬಾಗಿದರಷ್ಟೇ ತೊಡೆಗೆ ಒತ್ತುವಂತೆ ಇಟ್ಟರೆ? ನೇರ ಕೂತವನಿಗೆ ಅದು ಇಲ್ಲವೇ ಇಲ್ಲ. ತೂಕಡಿಸಿದವನಿಗೆ ಮಾತ್ರ ಇದೆ. ಮತ್ತೆ ಇಪ್ಪತ್ತೊಂದು ಬೆಳಗು ಅವನು ಮಹಡಿ ಹತ್ತಲಿಲ್ಲ. ಅಂಗಡಿಯಲ್ಲಿ ಕಾಲು ಮಡಿಚಿ ಕೂತು, ಬಾಗಿ, ಎದ್ದು, ಉಂಡೆಯನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಕೂತ. ಇಷ್ಟು ಖುಷಿಯಾಗಿ ಅವನು ಎಂದೂ ದುಡಿದಿರಲಿಲ್ಲ.

"ಏನು, ದೇವರಿಗೆ ಕೊಟ್ಟ ಗಂಟೆ ದೇವರೇ ವಾಪಸ್ ಕಳಿಸಿದ್ನಾ?" ಎಂದಳು ಹೆಂಡತಿ.

"ಮೇಷ್ಟ್ರೇ ಹೇಳಿದಾರೆ. ಇದೇ ನನ್ನ ಸಾಧನೆ."

"ಕೆಟ್ಟದಾಗಿ ಮಾಡಿ ಅಂದ್ರೆ ಅದನ್ನೂ ಚೆನ್ನಾಗಿ ಮಾಡ್ತಿದೀರಲ್ಲ, ಇದು ಯಾವ ಸಾಧನೆ?"

ಗಾದಿಯಪ್ಪನ ಸೂಜಿ ನಿಂತಿತು. ಉಂಡೆ ಇನ್ನೂ ಕೂದಲೆಳೆಯಷ್ಟು ಬಲಕ್ಕಿರಬೇಕು ಎಂದು ಹೊಳೆಯಿತು.

ಹೊಸ ಗಾದಿಗಳು ಬಂದವು. ನಿದ್ದೆಯ ಭಕ್ತರು ಎರಡೇ ದಿನಕ್ಕೆ ಜಾಗ ಖಾಲಿ ಮಾಡಿದರು. ಉಳಿದ ಮೂವತ್ತು ಜನ ಬಿದಿರಿನ ಗಳದ ಹಾಗೆ ನೆಟ್ಟಗೆ ಕೂತರು. ಸುದ್ದಿ ಹಬ್ಬಿ, ನದಿಯಾಚೆಯ ಇನ್ನೊಂದು ಮೌನದ ಮನೆಯವರು ಬಂದು, "ನಮಗೂ ಇಂಥದ್ದೇ ನೂರು ಕೆಟ್ಟ ಗಾದಿ ಬೇಕು, ಬೇಗ," ಎಂದರು. ನೂರು! ಗಾದಿಯಪ್ಪನ ಬೆರಳುಗಳು ಚುರುಕಾದವು. ಹೂಂ ಎಂದರೆ ಇನ್ನು ಮೂರು ತಿಂಗಳ ಬೆಳಗು ಹತ್ತಿಯ ಪಾಲು. ಅಣ್ಣ ಸತ್ತು ಅಷ್ಟರಲ್ಲಿ ಐದು ತಿಂಗಳಾಗಿತ್ತು, ನಲವತ್ತು ಸಾಲಿನಲ್ಲಿ ಒಂದೂ ಬಾಯಿಗೆ ಬಂದಿರಲಿಲ್ಲ. "ನಾಳೆ ಹೇಳ್ತೀನಿ," ಎಂದ.

ಮರುದಿನ ಮಹಡಿ ಹತ್ತಿ, ತಾನೇ ಹೊಲಿದ ಕೆಟ್ಟ ಗಾದಿಯ ಮೇಲೆ ಕೂತ. ಬಾಗಿದರೆ ಉಂಡೆ ಚುಚ್ಚಿತು. ಎಷ್ಟು ಸರಿಯಾಗಿ ಚುಚ್ಚುತ್ತದೆ ಎಂದು ಹಿಗ್ಗಿದ. ಹಿಗ್ಗಿದ್ದಕ್ಕೆ ನಾಚಿ ನೇರ ಕೂತ. ಮೌನ ಮುಗಿದು ಮೇಷ್ಟ್ರು ಅಮ್ಮನ ಪದ್ಯ ಎತ್ತಿಕೊಂಡರು.

"ಹೊತ್ತಿಳಿವ ಮುನ್ನ ನೀ ಹೊರೆಯಿಳಿಸು ಮನವೆ..."

ಒಂದು ಸಾಲು ಇಳಿಯಿತು. ಅವನು ಅಲುಗಾಡಲಿಲ್ಲ.

"ಹೊತ್ತವನೆ ಬಲ್ಲನಾ ಹೊರೆಯ ತೂಕ..."

ಎರಡನೆಯದೂ ಇಳಿಯಿತು. ಅಷ್ಟರಲ್ಲಿ ಪಕ್ಕದಲ್ಲಿ, ಅಂಚೆಯವನ ಗಾದಿಯ ಮೂಲೆಯಲ್ಲಿ, ಒಂದು ಹೊಲಿಗೆ ಟಪ್ಪೆಂದು ಬಿಟ್ಟಿತು. ಬೇರೆ ಯಾರ ಕಿವಿಗೂ ಬೀಳದ ಸದ್ದು. ಹತ್ತಿಯ ಒಂದು ಎಳೆ ಹೊರಗಿಣುಕಿತು. ಗಾದಿಯಪ್ಪನ ಕೈ ಜೇಬಿನ ಸೂಜಿಗೆ ಹೋಯಿತು. ಅಲ್ಲಿಯೇ ನಿಂತಿತು. ಎರಡೇ ಹೊಲಿಗೆ, ಯಾರಿಗೂ ತಿಳಿಯದು ಎಂದಿತು ಮನಸ್ಸು. ಅವನು ಸೂಜಿಯನ್ನು ಬಿಟ್ಟು ಕೈಯನ್ನು ಹೊರತೆಗೆದು ತೊಡೆಯ ಮೇಲಿಟ್ಟುಕೊಂಡ. ಹತ್ತಿ ಇನ್ನಷ್ಟು ಹೊರಬಂತು. ಕೂತಲ್ಲೇ ಬೆವೆತ, ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು. ಮಿಕ್ಕ ಮೂವತ್ತೆಂಟು ಸಾಲು ತಲೆಯ ಮೇಲೆ ಹಾದುಹೋದವು.

ಮುಗಿದ ಮೇಲೆ ಮೇಷ್ಟ್ರು ಅವನ ಭುಜ ಹಿಡಿದು, "ಕೊನೆಗೂ ಕರಗಿದಿರಿ ನೋಡಿ. ಪದ್ಯದ ಶಕ್ತಿಯೇ ಅಂಥದ್ದು," ಎಂದರು. ನಿಜ ಹೇಳಬೇಕೆಂದು ಗಾದಿಯಪ್ಪ ಬಾಯಿ ತೆರೆದ. ಅವರ ಮುಖದ ಸಂತೋಷ ನೋಡಿ ಮುಚ್ಚಿದ.

ನದಿಯಾಚೆಯವರು ಅಂಗಡಿಯ ಮುಂದೆ ಕಾದಿದ್ದರು. "ಮಾಡಿಕೊಡ್ತೀನಿ," ಎಂದ, "ಆದ್ರೆ ಬೆಳಗಿನ ಹೊತ್ತು ಮುಟ್ಟಲ್ಲ. ವರ್ಷ ಹಿಡಿಯುತ್ತೆ."

"ಒಂದು ವರ್ಷ ನಮ್ಮವರು ನಿದ್ದೆ ಮಾಡ್ತಾ ಇರ್ಬೇಕಾ?"

"ಮಾಡ್ಲಿ ಬಿಡಿ. ನಾನು ಐವತ್ತೆರಡು ವರ್ಷ ಮಾಡಿದೀನಿ."

ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, "ಎಷ್ಟು ಸಾಲು ಬಂತು?"

"ಎರಡು."

"ನಲವತ್ತರಲ್ಲಿ ಎರಡಾ! ಮೂರನೇದು?"

ಗಾದಿಯಪ್ಪ ಬಿಟ್ಟ ಹೊಲಿಗೆಯ ಕಥೆ ಹೇಳಿದ, ಕಣ್ಣೀರಿನದೂ ಸೇರಿಸಿ. ಮಗಳು ಬಿದ್ದು ಬಿದ್ದು ನಕ್ಕಳು. ಹೆಂಡತಿ ನಗಲಿಲ್ಲ.

"ಹೊಲಿಗೆ ಹಾಕಲಿಲ್ವಾ?"

"ಇಲ್ಲ."

"ಹಾಗೇ ಬಿಟ್ಟು ಎದ್ದು ಬಂದ್ರಾ? ನೀವಾ?"

"ಹೂಂ."

ಅವಳು ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಸೆರಗು ಸರಿಪಡಿಸಿಕೊಂಡು, "ಹೇಳಿ ನೋಡೋಣ, ಆ ಎರಡನ್ನ," ಎಂದಳು.