ಎದೆಯಿಂದ ಎದೆಗೆ ಒಂದು ಬೆಳ್ಳಿ

ಅನುರಾಗ್ ಅಪ್ಪನ ಬಿಳಿ ಜುಬ್ಬಕ್ಕೆ ಪದಕದ ಪಿನ್ನು ಚುಚ್ಚುತ್ತಿದ್ದಾಗ ನಿರುಪಮಾ ಮಗನ ಕೈ ಹಿಡಿದಳು.

"ಬೇಡ ಕಣೋ. ನಿಮ್ಮಪ್ಪ ಬೇಡ ಅಂದಿದ್ರು."

"ಅಮ್ಮ, ಮೈಸೂರಿನವರೆಲ್ಲ ಲೈವಲ್ಲಿ ನೋಡ್ತಿದಾರೆ."

ಪಿನ್ನು ಕೂತಿತು. ಶವಪೆಟ್ಟಿಗೆಯಲ್ಲಿ ಮಲಗಿದ್ದ ಶ್ರೀಕಂಠ ರಾವ್, ಅಮೆರಿಕದ ಮೆನ್ಲೋ ಪಾರ್ಕಿನ ಆಫೀಸು ಮೀಟಿಂಗುಗಳನ್ನು ಗೆದ್ದವರೂ ಅಲ್ಲ, ಸೋತವರೂ ಅಲ್ಲ; ಕೂತು ಎದ್ದು ಬಂದವರು.

ಗೆಳೆಯ ಶಿವಪ್ರಸಾದ ಹಿಂದಿನ ಸಾಲಿಗೆ ವಿವರಿಸುತ್ತಿದ್ದರು. "ಇವರ ತಾತ ಮೈಸೂರು ಕುದುರೆ ಪಡೆಯ ಸವಾರ, ಬ್ರಿಟಿಷರ ಪರ ಯುದ್ಧಕ್ಕೆ ಹೋಗಿದ್ರು. ಜರ್ಮನ್ ರಾಜನೇ ಕೊಟ್ಟ ಮೆಡಲ್ಲು."

"ಶತ್ರು ಯಾಕ್ರೀ ಕೊಡ್ತಾನೆ?" ಅಂದ ಹತ್ತಿರದ ಡಬ್ಲಿನ್ ಊರಿನಿಂದ ಬಂದಿದ್ದ ನವೀನ.

"ಅಷ್ಟು ಚೆನ್ನಾಗಿ ಹೊಡೆದಿರ್ಬೇಕು."

ಅದು ವುರ್ಟೆಂಬರ್ಗ್ ಎಂಬ ಜರ್ಮನ್ ರಾಜ್ಯ ತನ್ನ ಸೈನಿಕರಿಗೇ ಕೊಡುತ್ತಿದ್ದ ಬೆಳ್ಳಿ ಪದಕ. ಒಂದು ಬದಿಗೆ ರಾಜನ ತಲೆ, ಇನ್ನೊಂದು ಬದಿಗೆ 'ಶೌರ್ಯಕ್ಕೂ ನಿಷ್ಠೆಗೂ'. ಮೊದಲ ಮಹಾಯುದ್ಧದಲ್ಲಿ ಸಾವಿರಗಟ್ಟಲೆ ಹಂಚಿದರು. ಯುದ್ಧ ಮುಗಿಯುವಾಗ ರಾಜ್ಯ ಹೋಯಿತು, ರಾಜನೂ ಹೋದ. ತಲೆ ಮಾತ್ರ ಎದೆಯಿಂದ ಎದೆಗೆ ಸಾಗುತ್ತಲೇ ಇತ್ತು.

*

ತಾತ ಪದಕ ಸಿಕ್ಕ ಕತೆ ಹೇಳುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದ. ಮೈಸೂರಿನ ಹಿತ್ತಲಲ್ಲಿ ಹತ್ತು ವರ್ಷದ ಶ್ರೀಕಂಠನನ್ನು ಮಂಡಿಯೂರಿಸಿ, ಕೈಯಲ್ಲಿ ಬಿದಿರ ಗಳು ಹಿಡಿದು ನಿಲ್ಲುತ್ತಿದ್ದ.

"ಕೈ ಎತ್ತೋ. ಪ್ಯಾಲೆಸ್ತೀನಲ್ಲಿ ಆ ಜರ್ಮನ್ ಹುಡುಗನೂ ಹಿಂಗೇ ಕೂತಿದ್ದ. ಮೀಸೆ ಬಂದಿರ್ಲಿಲ್ಲ. ಬಂದೂಕು ಬಿಸಾಕಿ ಏನೋ ಅಳ್ತಿದ್ದ."

ಗಳು ಎದೆಗೆ ಬಡಿಯುತ್ತಿತ್ತು.

"ಎದೆ ಮೇಲಿನ ಪದಕದ ರಿಬ್ಬನ್ ಸಮೇತ ಒಳಗೆ ಹೋಯ್ತು ಭರ್ಜಿ. ಕಾಲಲ್ಲಿ ಒದ್ದು ಕೀಳಬೇಕಾಯ್ತು."

ಒಂದು ದಿನ ಪಕ್ಕೆಲುಬು ಮುರಿಯಿತು. ಬಾಯಲ್ಲಿ ರಕ್ತ ಬಂದರೂ ಹುಡುಗ ಅಳಲಿಲ್ಲ. ಆಸ್ಪತ್ರೆಗೆ ಬಂದ ತಾತ ಮೆಚ್ಚಿ ಆ ಪದಕವನ್ನೇ ಅವನ ಅಂಗಿಗೆ ಚುಚ್ಚಿದ.

*

"ಕೈ ಎತ್ತಿದ್ದ ಹುಡುಗನ್ನ ತಿವಿದು ಕಿತ್ಕೊಂಡು ಬಂದಿದ್ದು ಅದು," ಎಂದಳು ನಿರುಪಮಾ, ಹಿಂದಿನ ಸಾಲಿಗೂ ಕೇಳುವಂತೆ. "'ನನ್ನ ಎದೆ ಮೇಲೆ ಇಡಬೇಡ ನಿರು, ಇನ್ನೊಂದ್ಸಲ ತಿವಿದ ಹಾಗಾಗತ್ತೆ' ಅಂದಿದ್ರು."

ಶಿವಪ್ರಸಾದ ಕನ್ನಡಕ ಒರೆಸತೊಡಗಿದರು. ಮೊಮ್ಮಗಳು ಇಂಚರಾ ಕೇಳಿದಳು, "ಅಜ್ಜಿ, ಹೀ ಹ್ಯಾಡ್ ಸರೆಂಡರ್ಡ್?"

"ಹೂಂ ಪುಟ್ಟ."

"ಅಮ್ಮ, ಪ್ಲೀಸ್. ಲೈವ್ ಆಫ್ ಮಾಡ್ಲಾ?"

"ಬೇಡ. ಕೇಳ್ಲಿ."

ಅವಳು ಪದಕಕ್ಕೆ ಕೈ ಹಾಕಿದಳು. ಅನುರಾಗ್ ಅವಳ ಮಣಿಕಟ್ಟು ಹಿಡಿದ. ಅವನನ್ನು ಮೊಣಕೈಯಿಂದ ನೂಕಿ, ಪಿನ್ನು ಬಿಚ್ಚುವ ತಾಳ್ಮೆಯಿಲ್ಲದೆ ಎಳೆದಳು. ಬಟ್ಟೆ ಪರ್ರೆಂದಿತು. ಪಿನ್ನು ಚುಚ್ಚಿದ ಅವಳ ಮುಷ್ಟಿಯಿಂದ ಜುಬ್ಬದ ಮೇಲೆ ಎರಡು ಹನಿ ರಕ್ತ ಬಿತ್ತು.

ಸಿಬ್ಬಂದಿ ಮುಚ್ಚಳ ಎತ್ತಿಕೊಂಡು ಬಂದರು. ಅದು ಇಳಿಯುವವರೆಗೂ ಮೈಸೂರಿನವರಿಗೆ ಫೋನಿನಲ್ಲಿ ಕಾಣುತ್ತಿತ್ತು: ಎಡ ಎದೆಯ ಮೇಲೆ ಹರಿದ ತೂತು, ಅದರ ಅಂಚಿಗೆ ಹಸಿ ಕೆಂಪು.