ಕುಂಕುಮ ಹಚ್ಚಿದ ಬೆಲ್ಟ್

"ಏನೋ ಬಡ್ಡಿಮಗ್ನೆ, ಕಂಬಿ ದಾಟೋಕೂ ನಿಂಗೆ ಮುಹೂರ್ತ ಇಡಿಸ್ಬೇಕೇನೋ?"

ಸುಶಮೀಂದ್ರ ಸಾರ್ ಬಾಲ್ಕನಿಯಲ್ಲಿ ನಿಂತು ಬೈಯುತ್ತಿದ್ದರು. ಕಂಬಿಯ ಆಚೆ ಮೊಳದಗಲದ ಸಜ್ಜಾ, ಅದರ ಕೆಳಗೆ ಮೂರು ಅಂತಸ್ತು. ಸಜ್ಜಾದ ಮೇಲೆ ನಿಂತು ನಾನು ಏಸಿಯ ಹೊರಗಿನ ಪೆಟ್ಟಿಗೆ ಕೂರಿಸಬೇಕಿತ್ತು. ಮೊನ್ನೆ ಇದೇ ಪೆಟ್ಟಿಗೆ ಕೂರಿಸುವಾಗಲೇ ನನ್ನ ಜೊತೆಗಾರ ವಿಘ್ನೇಶ್ ಬಿದ್ದದ್ದು.

"ಸೇಫ್ಟಿ ಬೆಲ್ಟ್ ಕೊಡಿ ಸಾ, ದಾಟ್ತೀನಿ."

"ಬೆಲ್ಟು ಕಲಿಯೋಕೆ ಕಣೋ. ಕೆಲಸ ಸಿಕ್ಮೇಲೆ ಕಂಪನಿಯೋರು ಕೊಡ್ತಾರೆ."

"ಇದು ಕೆಲ್ಸ ಅಲ್ವಾ ಸಾ?"

"ಇದು ಪ್ರಾಜೆಕ್ಟು."

ಮನೆಯೊಡತಿ ಬೃಂದಾ ಒಳಗಿನಿಂದಲೇ, "ಸಾರ್, ಹುಡುಗ್ರು ಸೋಫಾ ಮುಟ್ಟದ ಹಾಗೆ ನೋಡ್ಕೊಳ್ಳಿ. ಏಸಿ ಇವತ್ತಾದ್ರೂ ಆಗತ್ತಾ?" ಎಂದರು. ವಿಘ್ನೇಶ್ ಬಿದ್ದ ದಿನವೂ ಅವರು ಕೇಳಿದ್ದು ಅದನ್ನೇ. ಬೆಲ್ಟಿಲ್ಲದೆ ನಾನು ದಾಟಲಿಲ್ಲ. "ನಾಳೆ ದಾಟ್ಲಿಲ್ಲ ಅಂದ್ರೆ ಊರ ಬಸ್ ಹತ್ತು," ಎಂದರು ಸಾರ್.

ಕೊಳ್ಳೇಗಾಲದ ಕಡೆಯಿಂದ ನಮ್ಮನ್ನು ತಮಿಳು ಸೀಮೆಯ ಟಿ. ನಗರದ ತರಬೇತಿ ಕೇಂದ್ರಕ್ಕೆ ಕರೆತಂದವರು ಅವರೇ. ಪಾಠ ಮುಗಿದರೆ ಪ್ರಾಜೆಕ್ಟು, ಪ್ರಾಜೆಕ್ಟು ಮುಗಿದರೆ ಕೆಲಸ ಎಂದಿದ್ದರು. ಪಾಠ ಬೇಗ ಮುಗಿಯಿತು. ಪ್ರಾಜೆಕ್ಟು ಮಾತ್ರ ಮನೆಯಿಂದ ಮನೆಗೆ ಬೆಳೆಯುತ್ತಲೇ ಹೋಯಿತು. ಕೆಲಸದ ಮಾತೆತ್ತಿದರೆ, ನೀವಿನ್ನೂ ತಯಾರಾಗಿಲ್ಲ ಅನ್ನುವರು. ನನಗೆ ಸಾಕುಸಾಕಾಗಿತ್ತು. ಬೆಲ್ಟಿನ ಪಾಠವನ್ನೇನೋ ಚೆನ್ನಾಗಿಯೇ ಮಾಡಿದ್ದರು ಪುಣ್ಯಾತ್ಮ. ಕ್ಲಾಸಿನ ಗಾಜಿನ ಬೀರುವಿನಲ್ಲಿ ಅದು ಪ್ಲಾಸ್ಟಿಕ್ ಕವರಿನೊಳಗೆ ನೇತಾಡುತ್ತಿತ್ತು. ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಕವರಿನ ಮೇಲೆ ಇನ್ನೂ ಹಾಗೇ ಇತ್ತು.

ಸಂಜೆ ಆಸ್ಪತ್ರೆಗೆ ಹೋದೆ. ವಿಘ್ನೇಶನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಅವನು ನೌಕರನಲ್ಲ, ವಿದ್ಯಾರ್ಥಿ ಎಂದು ಕೇಂದ್ರದವರು ಕೈತೊಳೆದುಕೊಂಡಿದ್ದರು.

"ಅಂದಾನಿ, ನನ್ ಪ್ರಾಜೆಕ್ಟು ಮುಗೀತು ಅಂತಾರೇನ್ಲಾ?" ಎಂದು ಕೇಳಿದ.

ಅವನ ಹೊದಿಕೆ ಸರಿಮಾಡಿ ಎದ್ದು ಬಂದೆ.

ಬೆಳಗ್ಗೆ ಕ್ಲಾಸಿಗೆ ಹೋಗಿ ಸ್ಪ್ಯಾನರಿನಿಂದ ಬೀರುವಿನ ಗಾಜು ಒಡೆದೆ. ಬೆಲ್ಟ್ ಬಿಗಿದುಕೊಂಡು, ಮಾಂಬಲಂ ಸ್ಟೇಷನ್ನಿನ ಮೇಲ್ಸೇತುವೆ ದಾಟಿ, ಪಶ್ಚಿಮದ ಬದಿಯಲ್ಲಿದ್ದ ಆ ಮನೆಗೆ ನಡೆದೆ. ವಿಘ್ನೇಶ್ ಬಿದ್ದ ಜಾಗವನ್ನು ತೊಳೆದು ವಾಚ್‌ಮನ್ನಿನ ಹೆಂಡತಿ ರಂಗೋಲಿ ಹಾಕಿದ್ದಳು, ಅವರ ಮಾತಲ್ಲಿ ಕೋಲಂ.

ಬಾಲ್ಕನಿಗೆ ಬಂದ ನನ್ನ ಸೊಂಟ ನೋಡಿ ಸಾರ್ ಕಂಗಾಲಾದರು.

"ಕಳ್ ನನ್ಮಗನೆ, ಬಿಚ್ಚೋ! ಕಂಪನಿಯೋರು ಇವತ್ತೇ ಕ್ಲಾಸು ನೋಡೋಕೆ ಬರ್ತಿದಾರೆ. ಬೀರೂಲಿ ಬೆಲ್ಟ್ ಕಾಣ್ದಿದ್ರೆ ನನ್ ಕಥೆ ಮುಗೀತು!"

ನಾನು ಬಿಚ್ಚಲಿಲ್ಲ. ಅವರ ದನಿ ಮೆತ್ತಗಾಯಿತು.

"ಕೊಡಪ್ಪ ಅಂದಾನಿ. ಅವರ ಮುಂದೆ ಮೊದಲು ನಿನ್ನ ಹೆಸರೇ ಹೇಳ್ತೀನಿ. ಕೆಲಸ ಗ್ಯಾರಂಟಿ."

ಆ ಕೆಲಸ ನನಗೆ ಬೇಕಿತ್ತು. ಸಿಕ್ಕೇಬಿಟ್ಟಿತೆಂದು ಅವ್ವನಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು. ಆದರೂ ಕೈ ಬಕಲಿನ ಹತ್ತಿರ ಹೋಗಲಿಲ್ಲ. ಕೊಕ್ಕೆಯನ್ನು ಕಂಬಿಗೆ ಸಿಕ್ಕಿಸಿ ಆಚೆ ದಾಟಿದೆ. ಪೆಟ್ಟಿಗೆ ಕೂರಿಸಬೇಕಿದ್ದ ಜಾಗದಲ್ಲಿ ನಾನೇ ಕೂತೆ.

"ಬನ್ನಿ ಸಾ. ಬಂದು ಬಿಚ್ಕಳಿ."

ಸಾರ್ ಒಂದು ಕಾಲೆತ್ತಿ ಕಂಬಿಯ ಮೇಲಿಟ್ಟರು. ಕೆಳಗೆ ನೋಡಿದರು. ಕೋಲಂ ಕಂಡಿರಬೇಕು. ಕಾಲನ್ನು ಹಿಂದಕ್ಕೆಳೆದುಕೊಂಡರು.

"ಯಾಕ್ ಸಾ?" ಎಂದೆ. "ಇದು ಕೆಲ್ಸ ಅಲ್ಲ ಕನಿ. ಪ್ರಾಜೆಕ್ಟು."

ಅವರು ಬಾಗಿಲಿಗೆ ಒರಗಿ ನಿಂತೇ ಇದ್ದರು. ನಾನೂ ಏಳಲಿಲ್ಲ.